ದೀಪದ ಕಂಬದಡಿಯ ಹುಡುಗಿ

ಯುದ್ಧವೆಂದರೆ ಸದಾ ಗುಂಡಿನ ಮಳೆಯೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಸೈನಿಕನ ಬಹುಪಾಲು ಸಮಯ ಕಾಯುವುದರಲ್ಲೇ ಕಳೆಯುತ್ತದೆ. ಭಯ ಬೆಳೆಯುವುದೂ ಆ ಬಿಡುವಿನಲ್ಲೇ. ಆಗ ಅವನ ಮನಸ್ಸು ಎಲ್ಲಿಗೆ ಓಡುತ್ತದೆ? ಒಂದು ಹಾಡಿನ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ.

1915ರಲ್ಲಿ ಹ್ಯಾಂಬರ್ಗಿನ ಹಾನ್ಸ್ ಲೈಪ್ ಎಂಬ ತರುಣ ಜರ್ಮನ್ ಸೈನಿಕ ರಷ್ಯಾದ ರಣರಂಗಕ್ಕೆ ಹೊರಡುವವನಿದ್ದ. ಹೊರಡುವ ಮುನ್ನ ಅವನೊಂದು ಕವಿತೆ ಬರೆದ. ಬ್ಯಾರಕ್ಕಿನ ಬಾಗಿಲು, ದೀಪದ ಕಂಬ, ಅದರಡಿ ಪ್ರಿಯತಮೆ: ಇಷ್ಟೇ ಅದರ ವಸ್ತು. ಆಕೆಯ ಹೆಸರು ಲಿಲಿ ಮಾರ್ಲೀನ್. ಸ್ವಾರಸ್ಯವೆಂದರೆ ಅಂಥ ಹುಡುಗಿ ಇರಲೇ ಇಲ್ಲ! ಇಬ್ಬರು ಹುಡುಗಿಯರ ಹೆಸರನ್ನು ಕೂಡಿಸಿ ಕವಿ ಅವಳನ್ನು ಸೃಷ್ಟಿಸಿದ್ದ.

ಕವಿತೆ ಅಚ್ಚಾದದ್ದು 1937ರಲ್ಲಿ. ಮರುವರ್ಷ ನೋರ್ಬರ್ಟ್ ಶುಲ್ಟ್ಸೆ ಅದಕ್ಕೆ ರಾಗ ಹಾಕಿದ. 1939ರಲ್ಲಿ ಲಾಲೆ ಆಂಡರ್ಸನ್ ಹಾಡಿದ ಧ್ವನಿಮುದ್ರಿಕೆಯನ್ನು ಕೊಂಡವರು ಕೆಲವರೇ.

1941ರಲ್ಲಿ ಜರ್ಮನಿ ಬೆಲ್‌ಗ್ರೇಡನ್ನು ಆಕ್ರಮಿಸಿ ಅಲ್ಲಿ ಸೈನಿಕರ ರೇಡಿಯೋ ಕೇಂದ್ರವನ್ನು ತೆರೆಯಿತು. ಕೈಗೆ ಸಿಕ್ಕ ಕೆಲವೇ ಮುದ್ರಿಕೆಗಳಲ್ಲಿ ಇದೂ ಒಂದು. ಪ್ರಸಾರವಾದದ್ದೇ ತಡ, ಮತ್ತೆ ಕೇಳಿಸಿರೆಂದು ಪತ್ರಗಳು ಬಂದವು. ಕೊನೆಗೆ ದಿನವೂ ರಾತ್ರಿ ಹತ್ತಕ್ಕೆ ಮೂರು ನಿಮಿಷವಿರುವಾಗ ಹಾಡು ಕೇಳಿಬರತೊಡಗಿತು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ರೊಮ್ಮೆಲ್‌ನ ಪಡೆ ಅದಕ್ಕೆ ಕಿವಿಗೊಟ್ಟಿತು. ಎದುರಿಗಿದ್ದ ಬ್ರಿಟನ್ನಿನ ಎಂಟನೆಯ ಸೇನೆಯೂ ಅದನ್ನೇ ಆಲಿಸಿತು. ನಮ್ಮ ನಾಲ್ಕನೆಯ ಭಾರತೀಯ ಡಿವಿಜನ್ ಆ ಸೇನೆಯಲ್ಲಿ ಕಾದಾಡಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಭಾಷೆ ತಿಳಿಯದವನಿಗೂ ರಾಗ ಸಾಕಾಗಿತ್ತು. ಮುಖವನ್ನು ಅವನವನೇ ತುಂಬಿಕೊಳ್ಳುತ್ತಿದ್ದ. ಹಾಡಿನ ಹೊತ್ತಿಗೆ ಎರಡೂ ಕಡೆ ಗುಂಡು ನಿಲ್ಲುತ್ತಿತ್ತೆಂಬ ಕಥೆಯೂ ಉಂಟು. ನಂಬಲು ಆಸೆಯಾಗುತ್ತದೆ, ಆದರೆ ಇತಿಹಾಸದ ವಿದ್ಯಾರ್ಥಿ ಇಂಥಲ್ಲಿ ಎಚ್ಚರವಾಗಿರಬೇಕು.

ಈ ಹಗಲುಗನಸು ಅಧಿಕಾರಿಗಳಿಗೆ ಹಿಡಿಸಲಿಲ್ಲ. ವಿರಹದ ಹಾಡು ಹೋರಾಟದ ಕೆಚ್ಚನ್ನು ಕುಗ್ಗಿಸುತ್ತದೆಂದು ಪ್ರಚಾರ ಮಂತ್ರಿ ಗೋಬೆಲ್ಸ್ ಸಿಡುಕಿದ. ಜ್ಯೂರಿಕ್‌ನ ಯಹೂದಿ ಗೆಳೆಯರೊಡನೆ ಸಂಪರ್ಕವಿಟ್ಟುಕೊಂಡಿದ್ದ ಗಾಯಕಿಯನ್ನು 1942ರಲ್ಲಿ ವೇದಿಕೆಯಿಂದ ದೂರವಿಟ್ಟರು. ಇತ್ತ, ತಮ್ಮ ಹುಡುಗರು ಶತ್ರುವಿನ ಹಾಡು ಗುನುಗುತ್ತಾರೆಂದು ಬ್ರಿಟಿಷರಿಗೆ ಮುಜುಗರ. 1944ರಲ್ಲಿ ಅದಕ್ಕೆ ಇಂಗ್ಲಿಷ್ ಸಾಹಿತ್ಯವೇ ಸಿದ್ಧವಾಯಿತು.

ಗೋಬೆಲ್ಸ್‌ನ ಲೆಕ್ಕ ತಪ್ಪಿತ್ತೆಂದೇ ನನಗೆ ತೋರುತ್ತದೆ. ಕನಸು ಕಂಡ ಸೈನಿಕ ಬಂದೂಕು ಕೆಳಗಿಡಲಿಲ್ಲ. ಇನ್ನೊಂದು ರಾತ್ರಿ ಕಳೆಯುವ ಶಕ್ತಿ ಪಡೆದ, ಬೆಳಗಾದಾಗ ಅದೇ ಹಾಡು ಕೇಳಿದ ಎದುರಾಳಿಯತ್ತ ಗುರಿಯಿಟ್ಟ. ಲೈಪ್ ಮಾತ್ರ ಎರಡೂ ಮಹಾಯುದ್ಧಗಳನ್ನು ದಾಟಿ 1983ರವರೆಗೆ ಬದುಕಿದ.