ಗದ್ದೆಯ ಮಣ್ಣು, ಮಧುಮೇಹದ ಮೈ: ಮೆಲಿಯಾಯ್ಡೋಸಿಸ್ ಕಾರಣದ ಹುಡುಕಾಟ

1911ರಲ್ಲಿ ರಂಗೂನಿನಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಅವರಿಗೆ ಎಲ್ಲೂ ಓದಿರದ ಬಗೆಯ ಶ್ವಾಸಕೋಶಗಳು ಎದುರಾದವು. ಅಲ್ಲಲ್ಲಿ ಗಿಣ್ಣಿನಂತೆ ಹೆಪ್ಪುಗಟ್ಟಿದ ಭಾಗಗಳು. ಯಕೃತ್ತು, ಗುಲ್ಮಗಳಲ್ಲಿ ಕೀವು. ಅದರಿಂದ ಬೆಳೆಸಿದ ಬ್ಯಾಕ್ಟೀರಿಯಾ ಕುದುರೆಗಳ ಗ್ಲ್ಯಾಂಡರ್ಸ್ ರೋಗಾಣುವನ್ನು ಹೋಲುತ್ತಿತ್ತು. ಆದರೆ ಗ್ಲ್ಯಾಂಡರ್ಸ್ ರೋಗಾಣುವಿಗೆ ಚಲನೆಯಿಲ್ಲ, ಇದಕ್ಕಿತ್ತು. ಇಂಥ ವ್ಯತ್ಯಾಸಗಳನ್ನು ಹಿಡಿದು 1912ರಲ್ಲಿ ಇಬ್ಬರೂ ಇದನ್ನು ಹೊಸ ರೋಗವೆಂದು ಪ್ರಕಟಿಸಿದರು.

ಸತ್ತವರಲ್ಲಿ ಹೆಚ್ಚಿನವರು ಮಾರ್ಫಿನ್ ಚುಚ್ಚಿಕೊಳ್ಳುತ್ತಿದ್ದ ನಿರ್ಗತಿಕರು. ಹೀಗಾಗಿ ಅನುಮಾನ ಸೂಜಿಯ ಮೇಲೆ ಬಿತ್ತು. 1917ರಲ್ಲಿ ಕೃಷ್ಣಸ್ವಾಮಿಯವರು ಬರೆದ ಲೇಖನದ ಶೀರ್ಷಿಕೆಯೇ ಇದನ್ನು ಮಾರ್ಫಿನ್ ವ್ಯಸನಿಗಳ ರಕ್ತನಂಜು ಎಂದು ಕರೆಯಿತು. ಶವಾಗಾರಕ್ಕೆ ಬಂದವರನ್ನಷ್ಟೇ ನೋಡಿ ಕಟ್ಟಿದ ವಿವರಣೆ ಅದು. ಅದರಲ್ಲಿ ರೋಗಿಯ ನಡತೆ ಕಂಡಿತು, ಅವನು ಓಡಾಡಿದ ನೆಲ ಕಾಣಲಿಲ್ಲ.

ಮುಂದೆ ಮಲಯಾದಲ್ಲಿ ರೋಗಕ್ಕೆ ಮೆಲಿಯಾಯ್ಡೋಸಿಸ್ ಎಂದು ಹೆಸರಿಟ್ಟ ಸ್ಟಾಂಟನ್ ಮತ್ತು ಫ್ಲೆಚರ್ ಇಲಿಗಳನ್ನು ಶಂಕಿಸಿದರು. ಶಂಕೆ ಮಣ್ಣಿನತ್ತ ತಿರುಗಲು ದಶಕಗಳೇ ಹಿಡಿದವು. 1955ರಲ್ಲಿ ಸಂಶೋಧಕ ಶಾಂಬೋನ್ ವಿಯೆಟ್ನಾಮಿನ ಪರಿಸರದಿಂದಲೇ ರೋಗಾಣುವನ್ನು ಬೇರ್ಪಡಿಸಿದರು. ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ ಎಂದು ಈಗ ಕರೆಯುವ ಇದು ಒದ್ದೆ ಮಣ್ಣಿನಲ್ಲೂ ನೀರಿನಲ್ಲೂ ಬದುಕುತ್ತದೆ; ಕಾಲಿನ ಸಣ್ಣ ಗಾಯದ ಮೂಲಕವೋ ಉಸಿರಿನಲ್ಲೋ ಒಳಸೇರುತ್ತದೆ.

ಗದ್ದೆಗಿಳಿದವರಿಗೆಲ್ಲ ರೋಗ ಬರುವುದಿಲ್ಲ, ಕೆಲವರಿಗೇ ಏಕೆ? ಈಶಾನ್ಯ ಥಾಯ್ಲೆಂಡಿನ ಅಧ್ಯಯನಗಳು ಉತ್ತರ ಕೊಟ್ಟವು. ವಯಸ್ಕ ರೋಗಿಗಳಲ್ಲಿ ಮಧುಮೇಹ ಎದ್ದು ಕಂಡಿತು. ಮೂತ್ರಪಿಂಡದ ಕಾಯಿಲೆ, ಥಲಸ್ಸೀಮಿಯಾ, ಅತಿಯಾದ ಕುಡಿತ ಅದರ ಹಿಂದೆ ನಿಂತವು. ಮಧುಮೇಹದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಕೊಲ್ಲುವ ಶಕ್ತಿ ಕುಂದುತ್ತದೆ. ಜೀವಕೋಶದೊಳಗೇ ಅಡಗಬಲ್ಲ ಈ ರೋಗಾಣುವಿಗೆ ಅಷ್ಟು ಸಾಕು. ಎಚ್‌ಐವಿ ಸೋಂಕು ಮಾತ್ರ ಅಪಾಯವನ್ನು ಹೆಚ್ಚಿಸಿದಂತೆ ಕಾಣದಿರುವುದು ಅಚ್ಚರಿಯ ಸಂಗತಿ. ಒಳಹೊಕ್ಕ ರೋಗಾಣು ಕೂಡಲೇ ಕಾಡಬೇಕೆಂದೂ ಇಲ್ಲ: ಎರಡನೇ ಮಹಾಯುದ್ಧದ ಸೆರೆಯಾಳೊಬ್ಬರಲ್ಲಿ 62 ವರ್ಷ ಸುಮ್ಮನಿದ್ದು ಸೋಂಕು ತಲೆಯೆತ್ತಿದ್ದು ದಾಖಲಾಗಿದೆ.

2016ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ರೋಗ ಬರುತ್ತದೆ, 89,000 ಮಂದಿ ಸಾಯುತ್ತಾರೆ. ಭಾರತದ ಪಾಲು ದೊಡ್ಡದು. ನಮ್ಮ ಕರಾವಳಿ ಈ ಚರಿತ್ರೆಯ ಹೊರಗಿಲ್ಲ. ಉಡುಪಿ, ಮಂಗಳೂರು ಸೀಮೆಯ ರೋಗಿಗಳ ಬಗ್ಗೆ ಮಣಿಪಾಲದ ವೈದ್ಯರು ಪ್ರಕಟಿಸಿದ ವರದಿಗಳಲ್ಲೂ ಕಾಣುವುದು ಮಳೆಗಾಲ, ಮತ್ತೆ ಅದೇ ಮಧುಮೇಹ. ನೇಜಿ ನೆಡಲು ಬರಿಗಾಲಲ್ಲಿ ಕೆಸರಿಗಿಳಿಯುವ ಹೆಂಗಸಿಗೆ ತನ್ನ ರಕ್ತದ ಸಕ್ಕರೆ ಎಷ್ಟೆಂದು ಗೊತ್ತಿರದೆ ಇರಬಹುದು. ಅಪಾಯ ಶುರುವಾಗುವುದು ಅಲ್ಲಿಂದಲೇ. ಎಕ್ಸ್‌ರೇಯಲ್ಲಿ ಇದು ಕ್ಷಯದಂತೆಯೇ ಕಾಣುವುದರಿಂದ ಎಷ್ಟೋ ರೋಗಿಗಳು ಮೊದಲು ಕ್ಷಯದ ಮಾತ್ರೆ ನುಂಗುತ್ತಾರೆ.

1989ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಪ್ರಯೋಗವೊಂದು ಪ್ರತಿಜೀವಕ ಸೆಫ್ಟಾಜಿಡೈಮ್‌ನಿಂದ ಗಂಭೀರ ರೋಗಿಗಳ ಸಾವು ಅರ್ಧಕ್ಕಿಳಿಯುತ್ತದೆಂದು ತೋರಿಸಿತು. ಔಷಧ ನಮ್ಮಲ್ಲೂ ಸಿಗುತ್ತದೆ. ಆದರೆ ರಕ್ತದ ಕಲ್ಚರ್ ಮಾಡದೆ ಅದನ್ನು ಬರೆಯುವವರು ವಿರಳ. ಆದ್ದರಿಂದ ಮಳೆಗಾಲದಲ್ಲಿ ಜ್ವರ ಹಿಡಿದು ಬರುವ ಮಧುಮೇಹಿ ಕೃಷಿಕರಿಗೆ ಆ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೇ, ಮೊದಲ ದಿನವೇ ಆಗಬೇಕು.