ತಾಯಿ ಕಾರ್ಡಿನಾಚೆ: ಎಚ್‌ಐವಿ ಜೊತೆ ಬದುಕುವ ಮಹಿಳೆಯ ಆರೋಗ್ಯ ಮತ್ತು ಹಕ್ಕು

ತಾಯಿ ಕಾರ್ಡ್ ಮಾಡಿಸಲು ಬಂದ ಗರ್ಭಿಣಿಗೆ ಉಳಿದ ರಕ್ತಪರೀಕ್ಷೆಗಳ ಜೊತೆಗೇ ಎಚ್‌ಐವಿ ಪರೀಕ್ಷೆಯೂ ನಡೆಯುತ್ತದೆ. ಗಂಡಸಿನ ಬದುಕಿನಲ್ಲಿ ಹೀಗೆ ತಾನಾಗಿ ಪರೀಕ್ಷೆ ಎದುರಾಗುವ ಘಟ್ಟ ಇಲ್ಲ. ಆದ್ದರಿಂದ ಎಷ್ಟೋ ಮನೆಗಳಲ್ಲಿ ಮೊದಲು ಬಯಲಾಗುವುದು ಹೆಂಡತಿಯ ಸೋಂಕು. ಮೊದಲು ಗೊತ್ತಾದವಳೇ ರೋಗ ತಂದವಳು ಎಂಬ ಆರೋಪವೂ ಅವಳ ತಲೆಗೇ ಬರುತ್ತದೆ. ನಮ್ಮ ಆರೋಗ್ಯ ವ್ಯವಸ್ಥೆ ಈಕೆಯನ್ನು ಮಗುವಿನ ತಾಯಿಯಾಗಿ ಚೆನ್ನಾಗಿ ನೋಡಿಕೊಂಡಿದೆ. ತನ್ನದೇ ದೇಹ, ತನ್ನದೇ ಹಕ್ಕು ಇರುವ ಮನುಷ್ಯಳಾಗಿ ಕಂಡದ್ದು ಕಡಿಮೆ ಎಂಬುದು ಈ ಲೇಖನದ ವಾದ.

ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆದ ಸಾಧನೆ ಸಣ್ಣದಲ್ಲ. ಚಿಕಿತ್ಸೆ ಇಲ್ಲದಿದ್ದರೆ ಶೇ 15ರಿಂದ 45ರಷ್ಟಿರುವ ಈ ಅಪಾಯ, ಸಕಾಲದ ಚಿಕಿತ್ಸೆಯಿಂದ ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಭಾರತದಲ್ಲಿ ಎಆರ್‌ಟಿ, ಅಂದರೆ ವೈರಸ್ಸನ್ನು ಅಡಗಿಸುವ ಔಷಧ ಚಿಕಿತ್ಸೆ, ಉಚಿತವಾಗಿ 2004ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ ಕೊಡುವ ನೀತಿ 2017ರಲ್ಲಿ ಬಂತು. ಮಗುವಿಗೆ 18 ತಿಂಗಳು ತುಂಬುವವರೆಗೆ ಪರೀಕ್ಷೆಗಳು ಒಂದಾದ ಮೇಲೊಂದು ನಡೆಯುತ್ತವೆ. ಮಗು ಪಾರಾಯಿತು ಎಂದು ಖಚಿತವಾದ ಮೇಲೆ ತಾಯಿಯ ಪಾಲಿಗೆ ಉಳಿಯುವುದು ಮುಖ್ಯವಾಗಿ ಮಾತ್ರೆಯ ಡಬ್ಬಿ.

ಆದರೆ ಅವಳ ದೇಹದ ಅಪಾಯಗಳು ಅಲ್ಲಿಗೆ ಮುಗಿಯುವುದಿಲ್ಲ. ಎಚ್‌ಐವಿ ಇರುವ ಮಹಿಳೆಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಇವರಿಗೆ 25ನೇ ವಯಸ್ಸಿನಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆನ್ನುತ್ತದೆ. ನಮ್ಮಲ್ಲಿ ಎಲ್ಲ ಮಹಿಳೆಯರಿಗಾಗಿ ಇರುವ ಸಾಮಾನ್ಯ ತಪಾಸಣೆ ಶುರುವಾಗುವುದೇ 30ಕ್ಕೆ. ತಿಂಗಳ ಮಾತ್ರೆಗೆ ತಪ್ಪದೆ ಬರುವ ಮಹಿಳೆಗೆ ಅದೇ ಆವರಣದಲ್ಲಿ ಈ ತಪಾಸಣೆ ಆಗದಿದ್ದರೆ ಅದನ್ನು ಅವಳ ನಿರ್ಲಕ್ಷ್ಯ ಎನ್ನಲಾಗದು.

ಡೋಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧದ ಚರಿತ್ರೆಯೂ ಇಲ್ಲಿ ಪ್ರಸ್ತುತ. ಗರ್ಭ ಧರಿಸುವ ಹೊತ್ತಿಗೆ ಈ ಮಾತ್ರೆ ಸೇವಿಸುತ್ತಿದ್ದವರ ಮಕ್ಕಳಲ್ಲಿ ನರನಾಳದ ದೋಷ ಕಂಡೀತೆಂದು 2018ರಲ್ಲಿ ಬೋಟ್ಸ್‌ವಾನಾದ ಅಧ್ಯಯನವೊಂದು ಶಂಕಿಸಿತು. ಕೂಡಲೇ ಹಲವು ದೇಶಗಳು ಹೆರುವ ವಯಸ್ಸಿನ ಮಹಿಳೆಯರಿಗೆ ಈ ಉತ್ತಮ ಔಷಧವನ್ನು ಕೊಡಲು ಹಿಂಜರಿದವು. ಅದೇ ವರ್ಷ ಕಿಗಾಲಿಯಲ್ಲಿ ಸೇರಿದ, ಎಚ್‌ಐವಿ ಜೊತೆ ಬದುಕುವ ಆಫ್ರಿಕಾದ ಮಹಿಳೆಯರು, ಮಾಹಿತಿ ಕೊಡಿ, ನಿರ್ಧಾರ ನಮಗೆ ಬಿಡಿ ಎಂದು ಪಟ್ಟು ಹಿಡಿದರು. ಹೆಚ್ಚಿನ ದತ್ತಾಂಶ ಬಂದಂತೆ ಶಂಕೆ ತೆಳುವಾಯಿತು. 2019ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಈ ಔಷಧವನ್ನು ಶಿಫಾರಸು ಮಾಡಿತು. ಹುಟ್ಟಬಹುದಾದ ಮಗುವಿನ ಹೆಸರಲ್ಲಿ ಬದುಕಿರುವ ಹೆಣ್ಣಿನ ಚಿಕಿತ್ಸೆಯನ್ನು ತಡೆದ ಪ್ರಸಂಗ ಇದು.

ಕಾನೂನು ಈ ವಿಷಯದಲ್ಲಿ ಮುಂದಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆ, ಗರ್ಭಪಾತ, ಸಂತಾನಹರಣ ಶಸ್ತ್ರಚಿಕಿತ್ಸೆ ಯಾವುದೂ ಸಲ್ಲದೆನ್ನುತ್ತದೆ. ಸಂಗಾತಿಗೆ ವಿಷಯ ತಿಳಿಸಲು ವೈದ್ಯರಿಗೂ ಆಪ್ತಸಮಾಲೋಚಕರಿಗೂ 9ನೇ ಕಲಮು ಅವಕಾಶ ಕೊಟ್ಟಿದೆ. ಆದರೆ ಹಾಗೆ ತಿಳಿಸಿದರೆ ಹೊಡೆತ, ಬಡಿತ, ಮನೆಯಿಂದ ಹೊರದಬ್ಬುವ ಭಯ ಇದೆಯೆಂದಾದರೆ, ಮುಖ್ಯವಾಗಿ ಮಹಿಳೆಯ ವಿಷಯದಲ್ಲಿ, ತಿಳಿಸಕೂಡದು ಎಂದೂ ಅದು ವಿಧಿಸುತ್ತದೆ. ಗರ್ಭಿಣಿಯ ವರದಿ ಬಂದ ದಿನವೇ ಗಂಡನನ್ನು ಕರೆತರಲು ಅವಸರಿಸುವ ಮೊದಲು ಆಕೆಯೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆ, ಅಂಥ ಭಯ ಇದೆಯೇ ಎಂಬುದು. 29ನೇ ಕಲಮು ಕೂಡಿ ಬಾಳಿದ ಮನೆಯಲ್ಲೇ ವಾಸಿಸುವ ಹಕ್ಕನ್ನು ಕೊಡುತ್ತದೆ. ಆ ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಸೊಸೆ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ, ಕೌಟುಂಬಿಕ ಹಿಂಸೆ ಕಾಯ್ದೆಯ ಅಡಿ ಹೇಳಿದೆ. ಗಂಡ ತೀರಿದ ಮೇಲೆ ತವರಿಗೆ ಕಳಿಸಲ್ಪಟ್ಟ ವಿಧವೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಆಸ್ತಿಗೆ ಮೊದಲ ವರ್ಗದ ವಾರಸುದಾರಳು.

ಒಂದು ಕಡೆ ಮಾತ್ರ ಕಾನೂನು ವಿಜ್ಞಾನಕ್ಕಿಂತ ಹಿಂದುಳಿದಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ, ಹರಡುವ ಸ್ಥಿತಿಯಲ್ಲಿರುವ ಲೈಂಗಿಕ ರೋಗ ಇನ್ನೂ ವಿಚ್ಛೇದನಕ್ಕೆ ಕಾರಣವಾಗಿಯೇ ಉಳಿದಿದೆ. ಕುಷ್ಠರೋಗವನ್ನು ಆ ಪಟ್ಟಿಯಿಂದ 2019ರಲ್ಲಿ ತೆಗೆದುಹಾಕಲಾಯಿತು. ಚಿಕಿತ್ಸೆಯಿಂದ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲವೆಂದು 2016 ಮತ್ತು 2019ರ ಪಾರ್ಟ್‌ನರ್ ಅಧ್ಯಯನಗಳು ತೋರಿಸಿವೆ. ಹಾಗಿರುವಾಗ ನಿಯಮಿತವಾಗಿ ಮಾತ್ರೆ ನುಂಗುತ್ತಿರುವ ಹೆಂಡತಿಯ ಮೇಲೆ ಈ ಕಲಮನ್ನು ಹೂಡುವುದು ನನ್ನ ದೃಷ್ಟಿಯಲ್ಲಿ ನಿಲ್ಲುವ ವಾದವಲ್ಲ. ನ್ಯಾಯಾಲಯಗಳು ವೈರಲ್ ಲೋಡ್ ವರದಿಯನ್ನು ಸಾಕ್ಷ್ಯವಾಗಿ ತರಿಸಿ ನೋಡಬೇಕು.

ಈಗ ಬೇಕಾದದ್ದು, ಎಆರ್‌ಟಿ ಕೇಂದ್ರದಲ್ಲಿಯೇ ಗೊತ್ತಾದ ದಿನಗಳಂದು ಗರ್ಭಕಂಠದ ತಪಾಸಣೆ ನಡೆಯುವುದು ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲೆಯೊಬ್ಬರು ಅಲ್ಲಿ ಕೂರುವುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಯಾವುದೇ ಮಹಿಳೆ, ಆದಾಯದ ಮಿತಿಯಿಲ್ಲದೆ, ಉಚಿತ ಕಾನೂನು ನೆರವಿಗೆ ಅರ್ಹಳು.