ಲೇತಿನ ಊರಿನಲ್ಲಿ ಬಿಸಿಲಿನ ಕಸುಬು

1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಹುಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಸೆಲ್ ಓಲ್, ಬೆಳಕು ಬಿದ್ದರೆ ವಿದ್ಯುತ್ ಕೊಡುವ ಸಿಲಿಕಾನ್ ತುಂಡಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. ಬಿರುಕು ಬಿಟ್ಟ ಸಿಲಿಕಾನ್ ಕಡ್ಡಿಯೊಂದರ ಮೇಲೆ ಬೆಳಕು ಬೀಳುತ್ತಲೇ ಮೀಟರಿನ ಮುಳ್ಳು ಏರಿದ್ದನ್ನು ಅವರು ಅದರ ಹಿಂದಿನ ವರ್ಷವೇ ಕಂಡಿದ್ದರು. ಹರಿಹರಕ್ಕೂ ಆ ಬಿರುಕಿಗೂ ಆಗ ಯಾವ ನಂಟೂ ಇರಲಿಲ್ಲ. ಆದರೆ ಇವತ್ತು ಈ ಭಾಗದಲ್ಲಿ ಯಾರಾದರೂ ಮನೆಯಲ್ಲೇ ಒಂದು ಸೋಲಾರ್ ಪ್ಯಾನೆಲ್ ಕಟ್ಟಿ ನೋಡೋಣ ಎಂದು ಕೂತರೆ, ಎರಡೂ ಕಥೆಗಳು ಅವರ ಮೇಜಿನ ಮೇಲೆ ಸೇರುತ್ತವೆ.

ಹರಿಹರ ಆಗ ಮೈಸೂರು ಸಂಸ್ಥಾನದ ಗಡಿ ಊರು. ಹೊಳೆ ದಾಟಿದರೆ ಮುಂಬಯಿ ಪ್ರಾಂತ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ದಾರಿಯಲ್ಲಿ ನಡೆದು, 1910ರಲ್ಲಿ ಕಿರ್ಲೋಸ್ಕರ್‌ವಾಡಿಯನ್ನು ಕಟ್ಟಿದವರು. ಆ ಮನೆತನದ ಉದ್ಯಮ ಹರಿಹರಕ್ಕೆ ತಂದದ್ದು ಲೇತ್. ಯಂತ್ರ ಮಾಡುವ ಯಂತ್ರ ಅದು. ಒಂದು ಲೇತ್ ಇದ್ದರೆ ಇನ್ನೊಂದರ ಭಾಗಗಳನ್ನು ಕಡೆದು ತೆಗೆಯಬಹುದು. ‘ಎಂಟರ್‌ಪ್ರೈಸ್’ ಹೆಸರಿನ ಹರಿಹರದ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪ್, ಐಟಿಐಗಳಲ್ಲಿ ನಿಂತವು. ಹೊಸ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದರ ಆಸರೆಯಲ್ಲಿ ಬೆಳೆದ ಕೈಗಳ ಪಳಗಿಕೆ ಊರಿನಲ್ಲಿ ಉಳಿಯಿತು.

ಹದಿನಾಲ್ಕು ಕಿಲೋಮೀಟರ್ ಆಚೆಯ ದಾವಣಗೆರೆಯದು ಹತ್ತಿಯ ಕಥೆ. ಬಟ್ಟೆ ಗಿರಣಿಗಳ ಕಾಲದಲ್ಲಿ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದರು. 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂದವು. ಗಿರಣಿಗಳು ಒಂದೊಂದಾಗಿ ನಿಂತರೂ ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೆ ಕೆಲಸ ತಪ್ಪಲಿಲ್ಲ, ಏಕೆಂದರೆ ಭದ್ರಾ ನಾಲೆಯ ನೀರು ಮುಟ್ಟದ ಹೊಲಗಳಲ್ಲಿ ಪಂಪ್‌ಸೆಟ್ಟುಗಳಿದ್ದವು. ಕರೆಂಟು ಬಹುಪಾಲು ಶರಾವತಿಯ ನೀರಿನಿಂದ ಬರುತ್ತಿದ್ದ ಕಾಲದಲ್ಲಿ ಮಲೆನಾಡಿನಲ್ಲಿ ಮಳೆ ಕೈಕೊಟ್ಟರೆ ಬಯಲುಸೀಮೆಯಲ್ಲಿ ಲೋಡ್ ಶೆಡ್ಡಿಂಗ್. ಹಾಗೆ ಅಂಗಡಿ, ಮನೆಗಳಿಗೆ ಇನ್ವರ್ಟರ್, ಬ್ಯಾಟರಿ ಹೊಕ್ಕವು. ಸೋಲಾರ್ ಬರುವ ಹೊತ್ತಿಗೆ ಅದಕ್ಕೆ ಬೇಕಾದ ಅರ್ಧ ವಿದ್ಯೆ, ಅಂದರೆ ಬ್ಯಾಟರಿಯ ಪಾಲನೆ, ವೈರಿಂಗು, ಬೆಸುಗೆ, ಈ ಅಂಗಡಿಗಳಲ್ಲಿ ಇತ್ತು.

ಬಿಸಿಲಿಗೆ ಬೆಲೆ ಇದೆ ಎಂಬುದನ್ನು ದಾವಣಗೆರೆಗೆ ವಿಜ್ಞಾನಿಗಳು ಬಂದು ಹೇಳಬೇಕಾಗಿಯೂ ಇರಲಿಲ್ಲ. ಇಲ್ಲಿನ ಮಂಡಕ್ಕಿ ಭಟ್ಟಿಗಳ ಕೆಲಸವೇ ಬಿಸಿಲಿನಲ್ಲಿ ಅರ್ಧ ಮುಗಿಯುತ್ತದೆ. ಭತ್ತ ನೆನೆಸಿ, ಬೇಯಿಸಿ, ಅಂಗಳದಲ್ಲಿ ಹರಡಿ ಒಣಗಿಸಬೇಕು. ಆಮೇಲೆ ಗಿರಣಿ, ಉಪ್ಪುನೀರು, ಕಾದ ಮರಳು. ಮೋಡ ಕವಿದ ದಿನ ಒಣಗುವ ಕೆಲಸ ಹಿಂದೆ ಬೀಳುತ್ತದೆ. ಮಂಡಕ್ಕಿ ತಿನ್ನುವವರು ಇದನ್ನು ಯೋಚಿಸುವುದಿಲ್ಲ, ಯೋಚಿಸಬೇಕಾಗಿಯೂ ಇಲ್ಲ.

ಓಲ್ ಕಂಡ ಬಿರುಕು ಬಳಸಬಹುದಾದ ವಸ್ತುವಾಗಲು ಹದಿನಾಲ್ಕು ವರ್ಷ ಹಿಡಿಯಿತು. 1954ರ ಏಪ್ರಿಲ್‌ನಲ್ಲಿ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್ಸನ್ ಸಿಲಿಕಾನ್ ಸೆಲ್ಲನ್ನು ಜನರೆದುರು ತೋರಿಸಿದರು. ಬಿದ್ದ ಬಿಸಿಲಿನಲ್ಲಿ ಶೇ. 6ರಷ್ಟನ್ನು ಅದು ವಿದ್ಯುತ್ ಮಾಡುತ್ತಿತ್ತು. 1958ರಲ್ಲಿ ವ್ಯಾನ್‌ಗಾರ್ಡ್ ಉಪಗ್ರಹದ ಜೊತೆ ಸೆಲ್ಲುಗಳು ಆಕಾಶಕ್ಕೆ ಹೋದವು. ನೆಲದ ಮೇಲೆ ಅಷ್ಟು ದುಬಾರಿ ವಸ್ತುವನ್ನು ಕೊಳ್ಳುವವರು ಯಾರು? ಭಾರತದಲ್ಲಿ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1977ರಲ್ಲಿ ಮೊದಲ ಸೆಲ್ಲನ್ನೂ 1978ರಲ್ಲಿ ಮೊದಲ ಪ್ಯಾನೆಲನ್ನೂ ತಯಾರಿಸಿತು. ಕರ್ನಾಟಕದಲ್ಲಿ ಬೆಂಗಳೂರಿನ ಬಿಎಚ್‌ಇಎಲ್ ಈ ಕೆಲಸಕ್ಕಿಳಿಯಿತು, 1989ರಲ್ಲಿ ಟಾಟಾ ಬಿಪಿ ಸೋಲಾರ್ ಬಂತು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಆರಂಭಿಸಿದರು. ಹಳ್ಳಿಮನೆಗೆ ಒಂದೆರಡು ದೀಪ, ಬ್ಯಾಂಕಿನಿಂದ ಸಾಲ, ಕೆಟ್ಟರೆ ಬಂದು ನೋಡುವ ಹುಡುಗ: ಈ ಮೂರನ್ನೂ ಜೋಡಿಸಿದ್ದು ಅದರ ಜಾಣತನ. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗಾದರೆ ಪ್ಯಾನೆಲನ್ನು ಮನೆಯಲ್ಲಿ ಮಾಡಬಹುದೇ? ಲೇತಿನ ಊರಿನವರ ಅಭಿಮಾನಕ್ಕೆ ಇಲ್ಲಿ ಸ್ವಲ್ಪ ಪೆಟ್ಟು ಬೀಳುತ್ತದೆ. ಎಷ್ಟೇ ನುರಿತ ಟರ್ನರ್ ಆದರೂ ಸೆಲ್ಲನ್ನು ಕೈಯಿಂದ ಮಾಡಲಾರ. ಮರಳಿನಿಂದ ತೆಗೆದ ಸಿಲಿಕಾನನ್ನು ಶೇ. 99.9999ರಷ್ಟು ಶುದ್ಧ ಮಾಡಬೇಕು, 1,414 ಡಿಗ್ರಿಯಲ್ಲಿ ಕರಗಿಸಿ ಹರಳುಗಟ್ಟಿಸಬೇಕು, ಕಾಲು ಮಿಲಿಮೀಟರಿಗೂ ತೆಳುವಾಗಿ ಸೀಳಬೇಕು, 800 ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ರಂಜಕದ ಪರಮಾಣುಗಳನ್ನು ಮೇಲ್ಪದರಕ್ಕೆ ಇಳಿಸಬೇಕು. ಇದು ಕೈಕಸುಬಲ್ಲ.

ಮನೆಯವರ ಪಾಲಿಗೆ ಉಳಿಯುವುದು ಅದರ ಮುಂದಿನ ಕೆಲಸ. ಕಾರ್ಖಾನೆಗಳು ಅಂಚು ಮುರಿದಿದೆ, ಬಣ್ಣ ಸರಿಯಿಲ್ಲ ಎಂದು ಬದಿಗಿಟ್ಟ ಸೆಲ್ಲುಗಳು ಅಗ್ಗಕ್ಕೆ ಸಿಗತೊಡಗಿದ ಮೇಲೆ ಜಗತ್ತಿನ ಅನೇಕ ಕಡೆ ಹವ್ಯಾಸಿಗಳು ಇದಕ್ಕೆ ಕೈಹಾಕಿದರು. ಒಂದು ಸೆಲ್, ದೊಡ್ಡದಿರಲಿ ಚಿಕ್ಕದಿರಲಿ, ಕೊಡುವುದು ಸುಮಾರು ಅರ್ಧ ವೋಲ್ಟ್ ಮಾತ್ರ. ಅಗಲ ಹೆಚ್ಚಿದರೆ ಆಂಪಿಯರ್ ಹೆಚ್ಚುತ್ತದೆ, ವೋಲ್ಟ್ ಅಲ್ಲ. ಹಾಗಾಗಿ 36 ಸೆಲ್ಲುಗಳನ್ನು ಸರಣಿಯಲ್ಲಿ ಬೆಸೆಯುತ್ತಾರೆ: ಒಂದರ ಮುಂಬದಿಯಿಂದ ಮುಂದಿನದರ ಬೆನ್ನಿಗೆ ತವರ ಲೇಪಿಸಿದ ಪಟ್ಟಿ ತಂತಿ. ಆಗ ಸಿಗುವ 18 ವೋಲ್ಟ್ ಒಂದು 12 ವೋಲ್ಟ್ ಬ್ಯಾಟರಿಯನ್ನು ತುಂಬಲು ಸಾಕು. ಮೂರಿಂಚು ಅಗಲ, ಆರಿಂಚು ಉದ್ದದ ಸೆಲ್ಲುಗಳಾದರೆ ಒಟ್ಟು 60 ವ್ಯಾಟ್‌ನ ಆಸುಪಾಸು. ಸೆಲ್ ಹಪ್ಪಳದಂತೆ ಮುರಿಯುತ್ತದೆ. ಸೋಲ್ಡರಿಂಗ್ ಐರನ್ ಒತ್ತಿ ಹಿಡಿಯುವ ಚಟ ಇದ್ದವರಿಗೆ ಮೊದಲ ಕೆಲವು ಸೆಲ್ಲುಗಳೇ ಪಾಠ ಕಲಿಸುತ್ತವೆ. ಒಂದೊಂದು ಸಾಲು ಮುಗಿದಾಗಲೂ ಬಿಸಿಲಿಗೆ ಹಿಡಿದು ಮಲ್ಟಿಮೀಟರ್ ಇಟ್ಟು ನೋಡದಿದ್ದರೆ, ಕೊನೆಗೆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಕಷ್ಟ.

ಹೀಗೆ ಬೆಸೆಯಲು ಎಂಜಿನಿಯರೇ ಆಗಬೇಕಿಲ್ಲ. ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ ಅವರ ಬೇರ್‌ಫುಟ್ ಕಾಲೇಜು ಓದುಬರಹ ಬಾರದ ಅಜ್ಜಿಯರಿಗೂ ಬಣ್ಣದ ಗುರುತಿನ ಮೇಲೆ ಸೋಲಾರ್ ದೀಪದ ಸರ್ಕ್ಯೂಟ್ ಜೋಡಿಸುವುದನ್ನು ಕಲಿಸಿದೆ. ಆಫ್ರಿಕಾದ ಹಳ್ಳಿಗಳಿಂದಲೂ ಹೆಂಗಸರು ಅಲ್ಲಿಗೆ ಬಂದು ಕಲಿತು ಹೋಗಿದ್ದಾರೆ.

ಮನೆಯ ಪ್ಯಾನೆಲ್ ಸೋಲುವುದು ಬೆಸುಗೆಯಲ್ಲಲ್ಲ, ಮುಚ್ಚಳದಲ್ಲಿ. ಕಾರ್ಖಾನೆಯಲ್ಲಿ ಹದಗೊಳಿಸಿದ ಗಾಜು, ಇವಿಎ ಎಂಬ ಪಾರದರ್ಶಕ ಹಾಳೆ, ಸೆಲ್, ಮತ್ತೆ ಇವಿಎ, ಹಿಂಬದಿಯ ಹಾಳೆ ಇವನ್ನು ಪೇರಿಸಿ, ಗಾಳಿ ಹೀರಿ, ಸುಮಾರು 145 ಡಿಗ್ರಿ ಶಾಖದಲ್ಲಿ ಒಂದೇ ಹಲಗೆಯಾಗಿ ಒತ್ತುತ್ತಾರೆ. ಅದಕ್ಕೇ 25 ವರ್ಷದ ಗ್ಯಾರಂಟಿ ಕೊಡುವ ಧೈರ್ಯ. ಮನೆಯಲ್ಲಿ ಕಿಟಕಿ ಗಾಜು, ಪ್ಲೈವುಡ್, ಸಿಲಿಕೋನ್ ಅಂಟು ಬಳಸಿದವರು ಒಂದು ಮುಂಗಾರು ಕಳೆಯುವಷ್ಟರಲ್ಲಿ ಒಳಗೆ ತೇವ ಹೊಕ್ಕು ತಂತಿ ಕಿಲುಬು ಹಿಡಿಯುವುದನ್ನು ನೋಡಬೇಕಾಗುತ್ತದೆ. ಪ್ಲೈವುಡ್ ಬಿಸಿಗೆ ಬಾಗಿದರೆ ಸೆಲ್ಲೂ ಬಿರಿಯುತ್ತದೆ. ಚೌಕಟ್ಟಿಗೆ ಅಲ್ಯೂಮಿನಿಯಂ ಕೋನಪಟ್ಟಿ ಬಳಸುವುದು ವಾಸಿ. ಅದನ್ನು ಅಳತೆಗೆ ಕತ್ತರಿಸಿ ತೂತು ಕೊರೆದು ಕೊಡಬಲ್ಲವರಿಗೆ ಹರಿಹರದಲ್ಲಿ ಬರವಿಲ್ಲ.

ದುಡ್ಡಿನ ಲೆಕ್ಕವೂ ಬದಲಾಗಿದೆ. 1977ರಲ್ಲಿ ಸೆಲ್ಲಿನ ಬೆಲೆ ಒಂದು ವ್ಯಾಟ್‌ಗೆ ಸುಮಾರು 76 ಡಾಲರ್. ಈಗ ಇಡೀ ಪ್ಯಾನೆಲ್ಲೇ ಒಂದು ಡಾಲರಿನ ಸಣ್ಣ ಪಾಲಿಗೆ ಇಳಿದಿದೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನಿಂತಿದೆ. ಇಂಥ ಕಾಲದಲ್ಲಿ ಉಳಿತಾಯಕ್ಕೆಂದು ಮನೆಯಲ್ಲಿ ಪ್ಯಾನೆಲ್ ಕಟ್ಟುವುದು ಶುದ್ಧ ನಷ್ಟದ ಬಾಬ್ತು. ಕಲಿಯಲು ಕಟ್ಟುವುದಾದರೆ ಮಾತು ಬೇರೆ: ಐಟಿಐ ಹುಡುಗರಿಗೆ ಸರಣಿ, ಸಮಾನಾಂತರ ಜೋಡಣೆಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪಕರಣ ಸಿಗುವುದು ಕಷ್ಟ.

ಆದ್ದರಿಂದ ಮೊದಲ ಪ್ಯಾನೆಲ್ 12 ವೋಲ್ಟಿನ ಎಲ್‌ಇಡಿ ದೀಪ, ಒಂದು ಚಿಕ್ಕ ಬ್ಯಾಟರಿ, ನಡುವೆ ಚಾರ್ಜ್ ಕಂಟ್ರೋಲರ್, ಫ್ಯೂಸ್ ಇವುಗಳ ಮಟ್ಟಿಗೆ ಇರಲಿ. ಅದನ್ನು ಮನೆಯ ವೈರಿಂಗಿಗೆ ಸೇರಿಸಬೇಡಿ. ಬೆಸ್ಕಾಂ ಜಾಲಕ್ಕೆ ಜೋಡಿಸುವ ಛಾವಣಿ ಘಟಕಕ್ಕೆ ಮಾನ್ಯತೆ ಪಡೆದ ಕಾರ್ಖಾನೆ ಪ್ಯಾನೆಲ್ಲೇ ಬೇಕು. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಗಿದ್ದು, ಅದು ದೇಶದಲ್ಲೇ ತಯಾರಾದ ಸೆಲ್, ಪ್ಯಾನೆಲ್ ಹಾಕಿಸಿದವರಿಗೆ ಮಾತ್ರ.